ಚೀಟಿಯ ಮೇಲಿನ 60 ಮತ್ತು ಬೀಜದೊಳಗಿನ ‘ಆಗಬಹುದು’

ಕರಿಮಣ್ಣು (ಕುಂದಗೋಳ)

ವಿಷಯ ತತ್ವಶಾಸ್ತ್ರದ್ದು, ಆದರೆ ಶುರುವಾದದ್ದು ಮೆಣಸಿನಕಾಯಿ ಬೀಜದಿಂದ. ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಹೊಲ ನೋಡಿಕೊಳ್ಳುವವರು ಅಪ್ಪ. ಈ ಸಲ ಬ್ಯಾಡಗಿ ತಳಿಯ ಬೀಜ ತಂದುಕೊಟ್ಟವನು ನಾನು. ಸಸಿಮಡಿಗೆ ಹಾಕಿ ಮೂರು ವಾರವಾದರೂ ಅಲ್ಲೊಂದು ಇಲ್ಲೊಂದು ಸಸಿ, ಎಳೆ ಹುಡುಗನ ಮೀಸೆಯ ಹಾಗೆ. ಪೊಟ್ಟಣದ ಚೀಟಿಯಲ್ಲಿ ಮೊಳಕೆ ಪ್ರಮಾಣ ನೂರಕ್ಕೆ ಕನಿಷ್ಠ 60 ಎಂದು ಅಚ್ಚಾಗಿದೆ. ಅಂಗಡಿಗೆ ಹೋಗಿ ಕೇಳಿದೆ (ಅಂಗಡಿಯ ಹೆಸರು ಇಲ್ಲಿ ಬೇಡ). ಅವರು ಚೀಟಿಯ ಮೇಲೆ ಬೆರಳಿಟ್ಟು, ‘ಬೀಜಕ್ಕೆ ಮೊಳೆಯುವ ಶಕ್ತಿ ಇತ್ತು ಸರ್, ನಿಮ್ಮ ಮಡಿಯಲ್ಲಿ ಅದು ಹೊರಗೆ ಬರಲಿಲ್ಲ’ ಎಂದರು.

ಜಗಳವಾಡಲು ಹೋದವನು ಬಾಯಿ ಮುಚ್ಚಿಕೊಂಡು ಬಸ್ ಹತ್ತಿದೆ. ಮಣ್ಣಿನಲ್ಲಿ ಕೊಳೆತುಹೋದ ಬೀಜಕ್ಕೆ ‘ಶಕ್ತಿ ಇತ್ತು’ ಎಂಬ ಮಾತನ್ನು ನಿಜವಾಗಿಸುವುದು ಯಾವುದು? ಆ ಬೀಜ ಮೊಳೆಯಲಿಲ್ಲ. ಇನ್ನೆಂದೂ ಮೊಳೆಯುವುದಿಲ್ಲ. ಆಗದೇ ಹೋದ ಮೊಳಕೆಯನ್ನು ಅಂಗಡಿಯವರು ಎಲ್ಲಿ ನೋಡಿದರು?

ಧಾರವಾಡದಲ್ಲಿ ಬಿ.ಎ. ಓದುವಾಗಿನಿಂದಲೂ ನನ್ನ ಒಲವು ನಾಮವಾದದ ಕಡೆಗೆ. ಇರುವುದು ಬಿಡಿಬಿಡಿ ವಸ್ತುಗಳು. ‘ಕೆಂಪು’, ‘ಗಡಸುತನ’ ಎನ್ನುವುದೆಲ್ಲ ನಾವು ಒಟ್ಟಿಗೆ ಕಟ್ಟಿಟ್ಟ ಹೆಸರು. ‘ಸಾಧ್ಯತೆ’ಯೂ ಹಾಗೆಯೇ ಎಂದುಕೊಂಡಿದ್ದೇನೆ. ಅಮೆರಿಕದ ತತ್ವಶಾಸ್ತ್ರಜ್ಞ ಕ್ವೈನ್ 1948ರಲ್ಲಿ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಇಷ್ಟ. ಆ ಬಾಗಿಲಲ್ಲಿ ಒಬ್ಬ ದಪ್ಪ ಮನುಷ್ಯ ನಿಂತಿರಬಹುದಾಗಿತ್ತು, ಒಬ್ಬ ಬೋಳುತಲೆಯವನು ನಿಂತಿರಬಹುದಾಗಿತ್ತು. ಇವರಿಬ್ಬರೂ ಒಬ್ಬನೇ ಮನುಷ್ಯನೋ, ಇಬ್ಬರೋ? ಖಾಲಿ ಬಾಗಿಲಲ್ಲಿ ಒಟ್ಟು ಎಷ್ಟು ಜನ ‘ಸಾಧ್ಯ’ರು ನಿಂತಿದ್ದಾರೆ? ಎಣಿಸಲು ಬಾರದ ಮಂದಿಗೆ ಮನೆ ಬಾಡಿಗೆಗೆ ಕೊಡಬಾರದು ಎಂಬುದು ನನ್ನ ಪಕ್ಷ. ಅಂಗಡಿಯವರು ಮಾರಿದ್ದು ಬೀಜವನ್ನಲ್ಲ, ಒಂದು ಶಬ್ದವನ್ನು. ಒಪ್ಪದವರು ಹೇಳಿ.

ನಿವೃತ್ತ ಮಾಸ್ತರ (ಸಾಧನಕೇರಿ)

ತಮ್ಮಾ, ನೀವು ಬಸ್‌ನಲ್ಲಿ ಮಾಡಿದ ವಾದ ಸಾವಿರ ವರ್ಷದಷ್ಟು ಹಳೆಯದು. ಉದಾಹರಣೆಯೂ ಬೀಜವೇ. ಸಂಸ್ಕೃತದಲ್ಲಿ ಅದಕ್ಕೆ ‘ಕುಶೂಲಸ್ಥ ಬೀಜ’ ಎನ್ನುತ್ತಾರೆ, ಕಣಜದಲ್ಲಿರುವ ಬೀಜ ಎಂದು. ನಮ್ಮ ಕಡೆಯವರು ಹಗೇವಿನ (ನೆಲದಡಿಯ ಕಣಜದ) ಕಾಳು ಎಂದುಕೊಳ್ಳಬಹುದು, ಆದರೆ ಅದರಲ್ಲೊಂದು ತೊಡಕಿದೆ, ಆಮೇಲೆ ಹೇಳುತ್ತೇನೆ.

ಬೌದ್ಧರು ಹೇಳಿದ್ದು ಇದು. ಯಾವುದು ಕೆಲಸ ಮಾಡುತ್ತದೆಯೋ ಅದೇ ಇದೆ. ಕಣಜದಲ್ಲಿರುವ ಬೀಜ ಮೊಳಕೆಯನ್ನು ಕೊಡುತ್ತಿಲ್ಲ. ಸಾಮರ್ಥ್ಯವಿದ್ದೂ ಕೊಡುತ್ತಿಲ್ಲ ಎಂದರೆ ಆ ಸಾಮರ್ಥ್ಯಕ್ಕೆ ಏನರ್ಥ? ಆದ್ದರಿಂದ ಕಣಜದ ಬೀಜ ಅಸಮರ್ಥ. ಹೊಲದಲ್ಲಿ, ಮೊಳೆಯುವ ಹಿಂದಿನ ಕ್ಷಣದ ಬೀಜ ಮಾತ್ರ ಸಮರ್ಥ. ಅದಕ್ಕೆ ಅವರಿಟ್ಟ ಹೆಸರು ‘ಕುರ್ವದ್ರೂಪ’, ಮಾಡುತ್ತಲೇ ಇರುವ ರೂಪ. ಸಮರ್ಥವೂ ಅಸಮರ್ಥವೂ ಒಂದೇ ವಸ್ತು ಆಗಲಾರದು. ಹಾಗಾಗಿ ಕಣಜದ ಬೀಜ ಬೇರೆ, ಹೊಲದ ಬೀಜ ಬೇರೆ, ಎಲ್ಲವೂ ಕ್ಷಣಿಕ. 11ನೆಯ ಶತಮಾನದ ರತ್ನಕೀರ್ತಿಯವರೆಗೂ ಈ ವಾದವನ್ನು ಮಸೆಯುತ್ತಲೇ ಬಂದರು. ಅವರೂ ನಿಮ್ಮ ಹಾಗೆ ಸಾಮಾನ್ಯಗಳನ್ನು, ಅಂದರೆ ಹಲವು ವಸ್ತುಗಳಲ್ಲಿ ಒಂದೇ ಆಗಿರುವ ಗುಣವನ್ನು, ಒಪ್ಪದವರು. ‘ಗೋತ್ವ’ (ಹಸುತನ) ಎಂಬುದೊಂದು ಇಲ್ಲ, ‘ಹಸುವಲ್ಲದ್ದು ಅಲ್ಲ’ ಎಂಬ ವ್ಯಾವೃತ್ತಿ (ಬೇರ್ಪಡಿಸುವಿಕೆ) ಮಾತ್ರ ಎಂದವರು.

ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಒಪ್ಪಲಿಲ್ಲ. ಕಣಜದ ಬೀಜಕ್ಕೆ ಸ್ವರೂಪಯೋಗ್ಯತೆ (ತನ್ನ ಸ್ವಭಾವದಲ್ಲಿಯೇ ಇರುವ ಅರ್ಹತೆ) ಇದೆ, ನೀರು, ಮಣ್ಣು, ಶಾಖ ಎಂಬ ಸಹಕಾರಿಗಳು ಕೂಡಿಲ್ಲ, ಅದಕ್ಕೇ ಮೊಳೆತಿಲ್ಲ ಎಂದರು. ನಿಮ್ಮ ಅಂಗಡಿಯವರು ಕೌಂಟರ್ ಹಿಂದೆ ನಿಂತು ನ್ಯಾಯದರ್ಶನದ ಉದಯನಾಚಾರ್ಯರ ಪಕ್ಷವನ್ನು ಹೇಳಿ ಕಳುಹಿಸಿದ್ದಾರೆ.

ಗ್ರೀಸಿನಲ್ಲಿಯೂ ಇದೇ ನಡೆದಿದೆ. ಮೆಗಾರಾ ಊರಿನ ತತ್ವಜ್ಞಾನಿಗಳು, ಮನೆ ಕಟ್ಟುತ್ತಿರುವಾಗ ಮಾತ್ರ ಗೌಂಡಿಗೆ ಕಟ್ಟುವ ಸಾಮರ್ಥ್ಯ ಇರುತ್ತದೆ ಎನ್ನುತ್ತಿದ್ದರಂತೆ. ಅರಿಸ್ಟಾಟಲ್ ತನ್ನ ‘ಮೆಟಾಫಿಸಿಕ್ಸ್’ನ ಒಂಬತ್ತನೆಯ ಭಾಗದಲ್ಲಿ ಅವರನ್ನು ಕೇಳುತ್ತಾನೆ: ಹಾಗಾದರೆ ಕೆಲಸ ನಿಲ್ಲಿಸಿದ ಕೂಡಲೇ ಅವನ ವಿದ್ಯೆ ಹೋಯಿತೇ? ಮತ್ತೆ ಕರಣೆ ಹಿಡಿದಾಗ ಎಲ್ಲಿಂದ ಬಂತು? ಕಣ್ಣು ಮುಚ್ಚಿದವನು ಕುರುಡನೇ? ಊಟದ ಬಿಡುವಿನಲ್ಲಿ ಗೌಂಡಿಗಳೆಲ್ಲ ಕೂಲಿಗಳಾಗಿಬಿಡುತ್ತಾರೆ ಎಂದರೆ ಪಗಾರ ಕೊಡುವ ಗುತ್ತಿಗೆದಾರರಿಗೆ ಸಂತೋಷವಾದೀತು.

ಉಣಕಲ್ ದಂಡೆ

ಮಾಸ್ತರರೇ, ನಮಸ್ಕಾರ. ನಾನು ಓದಿದ್ದು ಗಣಿತ, ಹೊಟ್ಟೆಪಾಡು ಸಾಫ್ಟ್‌ವೇರ್. ಒಂದು ನೇರ ಉತ್ತರ ಇರುವಾಗ ಶಕ್ತಿ, ಯೋಗ್ಯತೆ ಎಂಬ ಮಂಜು ಯಾಕೆ ಎನ್ನಿಸುತ್ತದೆ.

ಅಮೆರಿಕದ ತತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 1986ರಲ್ಲಿ ಬರೆದ ‘ಆನ್ ದಿ ಪ್ಲೂರಾಲಿಟಿ ಆಫ್ ವರ್ಲ್ಡ್ಸ್’ ಪುಸ್ತಕದ ನಿಲುವು ಇದು. ನಮ್ಮ ಲೋಕದಂತೆಯೇ ಮಣ್ಣು ನೀರು ಇರುವ ಲೋಕಗಳು ಎಣಿಕೆ ಮೀರಿ ಇವೆ. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ, ದೂರವೂ ಇಲ್ಲ, ಕಾಲವೂ ಹಂಚಿಕೆಯಾಗಿಲ್ಲ. ‘ಬೀಜ ಮೊಳೆಯಬಹುದಾಗಿತ್ತು’ ಎಂದರೆ ಅಂಥ ಒಂದು ಲೋಕದಲ್ಲಿ ಈ ಬೀಜದ ಪ್ರತಿರೂಪ ಮೊಳೆತಿದೆ ಎಂದರ್ಥ. ‘ಮಡಿ ಸರಿಯಿದ್ದಿದ್ದರೆ ಮೊಳೆಯುತ್ತಿತ್ತು’ ಎಂದರೆ, ಮಡಿ ಸರಿಯಿರುವ ಲೋಕಗಳಲ್ಲಿ ನಮ್ಮದಕ್ಕೆ ಅತಿ ಹತ್ತಿರದ ಹೋಲಿಕೆ ಇರುವ ಲೋಕದಲ್ಲಿ ಮೊಳೆತಿದೆ ಎಂದರ್ಥ. ನಮ್ಮ ಲೋಕಕ್ಕೆ ‘ವಾಸ್ತವ’ ಎನ್ನುವುದು ನಾವು ನಿಂತ ಜಾಗಕ್ಕೆ ‘ಇಲ್ಲಿ’ ಎಂದಂತೆ. ಆ ಲೋಕದವರಿಗೆ ಅದೇ ವಾಸ್ತವ.

ನಗುತ್ತೀರಿ, ಗೊತ್ತು. ತನಗೆ ಸಿಗುವ ದೊಡ್ಡ ಆಕ್ಷೇಪ ವಾದವಲ್ಲ, ನಂಬಲಾಗದ ನೋಟ ಎಂದು ಲೂಯಿಸರೇ ಬರೆದಿದ್ದಾರೆ. ಗಣಿತದವರು ಗಣಗಳನ್ನು (ಸೆಟ್) ಒಪ್ಪಿಕೊಂಡದ್ದು ಕಣ್ಣಿಗೆ ಕಂಡವು ಎಂದಲ್ಲ, ಕೆಲಸ ಸುಸೂತ್ರವಾಗುತ್ತದೆ ಎಂದು. ಲೋಕಗಳಿಗೂ ಅದೇ ನ್ಯಾಯ.

ಗದಗಿನ ಗಾಳಿ

ಹಾಗಾದರೆ ಯಾವುದೋ ಒಂದು ಲೋಕದಲ್ಲಿ ಕಳಸಾ-ಬಂಡೂರಿ ನೀರು ನವಲಗುಂದಕ್ಕೆ ಬಂದು ಮುಟ್ಟಿದೆ ಎಂದಾಯಿತು. ನಮ್ಮ ಮಾವನವರಿಗೆ ಹೇಳಿಬಿಡುತ್ತೇನೆ, ಸಮಾಧಾನ ಮಾಡಿಕೊಳ್ಳಲಿ.

ಕರಿಮಣ್ಣು (ಕುಂದಗೋಳ)

ಗಾಳಿಯವರೇ, ನೀವು ತಮಾಷೆಗೆ ಹೇಳಿದ್ದನ್ನೇ ತತ್ವಶಾಸ್ತ್ರಜ್ಞ ಕ್ರಿಪ್ಕೆ ಗಂಭೀರವಾಗಿ ಹೇಳಿದ್ದಾರೆ. 1968ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹಂಫ್ರಿ ನಿಕ್ಸನ್ ಎದುರು ಸೋತರು. ‘ನಾನು ಗೆಲ್ಲಬಹುದಾಗಿತ್ತು’ ಎಂದು ಹಂಫ್ರಿ ಕೊರಗುವುದು ತನ್ನ ಬಗ್ಗೆ. ಬೇರೆ ಲೋಕದಲ್ಲಿ ತನ್ನನ್ನು ಹೋಲುವ ಇನ್ನೊಬ್ಬ ಗೆದ್ದರೆ ಇವರಿಗೇನು? ದಂಡೆಯವರೇ, ಅಪ್ಪನ ಮಡಿ ಬೋಳಾಗಿದೆ. ಇನ್ನೊಂದು ಲೋಕದ ಕುಂದಗೋಳದಲ್ಲಿ ಇನ್ನೊಬ್ಬ ಅಪ್ಪನ ಮಡಿ ಹಸಿರಾಗಿದ್ದರೆ ಅದು ಆ ಅಪ್ಪನ ಅದೃಷ್ಟ. ಸಾಧ್ಯಲೋಕಗಳನ್ನು ದುರ್ಬೀನು ಹಾಕಿ ಹುಡುಕುವುದಿಲ್ಲ, ‘ಹೀಗೆ ಇದೆ ಎಂದಿಟ್ಟುಕೊಳ್ಳೋಣ’ ಎಂದು ನಾವೇ ಹಾಕಿಕೊಳ್ಳುತ್ತೇವೆ ಎಂದದ್ದೂ ಕ್ರಿಪ್ಕೆಯವರೇ. ಇಟ್ಟುಕೊಳ್ಳುವ ಮಾತು ಎಂದಮೇಲೆ ಅದು ಮಾತೇ ಆಯಿತಲ್ಲ.

ಮೊಳಕೆ ಕಾಗದ (ರಾಣೆಬೆನ್ನೂರು)

ಈ ಚರ್ಚೆಯನ್ನು ತಂಗಿ ಕಳುಹಿಸಿದಳು. ನಾನು ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಲೋಕಗಳ ವಿಷಯ ನನಗೆ ತಿಳಿಯದು. 60ರ ವಿಷಯ ಹೇಳಬಲ್ಲೆ.

ಒಂದು ಲಾಟ್‌ನಿಂದ (ಒಟ್ಟಿಗೆ ಗುರುತು ಮಾಡಿದ ಒಂದು ಬೀಜರಾಶಿಯಿಂದ) ಮಾದರಿ ತೆಗೆದು 400 ಬೀಜ ಎಣಿಸುತ್ತೇವೆ, ನೂರರ ನಾಲ್ಕು ಪಾಲು. ಒದ್ದೆ ಕಾಗದದ ಮೇಲೆ ಜೋಡಿಸಿ ಮೊಳಕೆ ಪೆಟ್ಟಿಗೆಯಲ್ಲಿ ಇಡುತ್ತೇವೆ. ಮೆಣಸಿನಕಾಯಿಗೆ ಏಳನೆಯ ದಿನ ಮೊದಲ ಎಣಿಕೆ, 14ನೆಯ ದಿನ ಕೊನೆಯ ಎಣಿಕೆ. ಆಮೇಲೆ ಬರುವ ಕೆಲಸವೇ ನಿಮಗೆ ಬೇಕಾದದ್ದು. ನಾವು ‘ಮೊಳೆತದ್ದು, ಮೊಳೆಯದ್ದು’ ಎಂದು ಎರಡೇ ಕಾಲಂ ಹಾಕುವುದಿಲ್ಲ. ಐದು ಕಾಲಂ ಇವೆ. ಸರಿಯಾದ ಸಸಿ ಒಂದು. ಬೇರು ಸುರುಟಿದ, ಎಲೆ ಬಾರದ ವಿಕಾರ ಸಸಿ ಇನ್ನೊಂದು. ನೀರನ್ನೇ ಒಳಗೆ ಬಿಡದ ಗಟ್ಟಿ ಬೀಜ. ನೀರು ಕುಡಿದು ಉಬ್ಬಿದರೂ ಮೊಳೆಯದೆ ಗಟ್ಟಿಮುಟ್ಟಾಗಿ ಕುಳಿತ ತಾಜಾ ಬೀಜ. ಒತ್ತಿದರೆ ಬೆಳ್ಳಗೆ ಕೀವಿನಂತೆ ಸೋರುವ ಸತ್ತ ಬೀಜ.

ಕೊನೆಯ ಮೂರೂ ಮೊಳೆಯದವೇ. ಆದರೆ ಮೂರನ್ನೂ ಒಂದೇ ಕಾಲಂಗೆ ಬರೆದರೆ ಮೇಲಿನವರು ವರದಿಯನ್ನು ವಾಪಸ್ ಕಳುಹಿಸುತ್ತಾರೆ.

ಗಟ್ಟಿ ಬೀಜ ನೀವೂ ಕಂಡದ್ದೇ. ರಾತ್ರಿ ನೆನೆಹಾಕಿದ ಹೆಸರುಕಾಳಿನಲ್ಲಿ ಒಂದೆರಡು ಬೆಳಿಗ್ಗೆಯೂ ಕಲ್ಲಿನಂತೆ ಉಳಿದು ಉಸುಳಿ ತಿನ್ನುವಾಗ ಹಲ್ಲಿಗೆ ಸಿಗುತ್ತವಲ್ಲ, ಅದು. ಅಂಥದ್ದನ್ನು ಉಜ್ಜುಕಾಗದದ ಮೇಲೆ ಎರಡು ಸಲ ತಿಕ್ಕಿ ನೀರಿಗೆ ಹಾಕಿ. ಮಧ್ಯಾಹ್ನದೊಳಗೆ ಉಬ್ಬಿರುತ್ತದೆ, ಆಮೇಲೆ ಮೊಳೆಯುತ್ತದೆ. ಸತ್ತ ಬೀಜವನ್ನು ಎಷ್ಟು ತಿಕ್ಕಿದರೂ ಅಷ್ಟೆ. ಅಣ್ಣಾವರೇ, ಈ ಎರಡರ ನಡುವಿನ ವ್ಯತ್ಯಾಸ ಬರೀ ಶಬ್ದ ಎನ್ನುತ್ತೀರಾ?

ಕರಿಮಣ್ಣು (ಕುಂದಗೋಳ)

ಅಕ್ಕಾವರೇ, ಇಷ್ಟು ಒಳ್ಳೆಯ ಏಟು ಇದುವರೆಗೆ ಬಿದ್ದಿರಲಿಲ್ಲ. ಆದರೂ ಬೀಳುವ ಮುಂಚೆ ಒಂದು ಮಾತು.

ನಿಮ್ಮ ಐದೂ ಕಾಲಂಗಳಲ್ಲಿ ಇರುವುದು ಈಗ, ಇಲ್ಲಿ ಇರುವ ಸಂಗತಿಗಳು. ಒಂದರ ಸಿಪ್ಪೆ ನೀರು ಬಿಡದಷ್ಟು ಬಿಗಿ. ಇನ್ನೊಂದರ ಭ್ರೂಣಕ್ಕೆ ಜೀವವಿದೆ. ಮತ್ತೊಂದರದ್ದು ಕೊಳೆತಿದೆ. ಇವೆಲ್ಲ ನನ್ನ ಲೆಕ್ಕದಲ್ಲಿಯೂ ಇರುವಂಥವೇ. ‘ಮೊಳೆಯಬಲ್ಲದು’ ಎಂಬುದು ಈ ಸಂಗತಿಗಳಿಗೆ ನಾವು ಹಾಕಿದ ಅಡ್ಡಹೆಸರು. 1950ರ ದಶಕದಲ್ಲಿ ತತ್ವಶಾಸ್ತ್ರಜ್ಞ ನೆಲ್ಸನ್ ಗುಡ್‌ಮನ್ ಹೇಳಿದ್ದು ಇದೇ ಜಾಡಿನದು: ಸಾಧ್ಯ ಎನ್ನುವುದು ವಾಸ್ತವದ ಹೊರಗೆ ಇಲ್ಲ, ವಾಸ್ತವವನ್ನೇ ಬೇರೆ ರೀತಿ ವಿಂಗಡಿಸಿ ಹೇಳುವ ಕ್ರಮ ಅದು. ಸಕ್ಕರೆ ‘ಕರಗುವಂಥದ್ದು’ ಎಂದರೆ ಕರಗಿದ ಸಕ್ಕರೆಯ ಕಣದ ರಚನೆ ಇದಕ್ಕೂ ಇದೆ ಎಂದಷ್ಟೇ.

ಸಪ್ತಾಪುರದ ಸಂದೇಹಿ

ಎರಡು ಮಾತು, ಒಂದು ಸ್ವಲ್ಪ ಉದ್ದವಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ತರ್ಕ ಹೇಳಿಕೊಟ್ಟು ಬಂದು ಕುಳಿತಿದ್ದೇನೆ, ತಾಳ್ಮೆ ಕಡಿಮೆ ಇದೆ.

ಸಾಧ್ಯತೆ ಬರೀ ಮಾತಲ್ಲ, ನಿಜವಾಗಿ ಇದೆ ಎನ್ನುವ ‘ವಾಸ್ತವವಾದ’ ಎಂಬ ಒಂದೇ ಹಗ್ಗವನ್ನು ಇಲ್ಲಿ ಎರಡು ಎತ್ತಿಗೆ ಕಟ್ಟಲಾಗುತ್ತಿದೆ. ಲೂಯಿಸರದ್ದು ಲೋಕಗಳ ವಾಸ್ತವವಾದ. ಅವರ ಲೋಕದಲ್ಲಿ ಇರುವುದೇನು? ಪೂರ್ತಿ ನಿಶ್ಚಿತವಾದ ಬಿಡಿ ವಸ್ತುಗಳು, ಬಿಡಿ ಬೀಜಗಳು. ‘ಮೊಳೆಯಬಲ್ಲ’ ಎಂಬ ಗುಣ ಅವರಿಗೆ ಬಿಡಿ ವಸ್ತುಗಳ ಒಂದು ಗಣ. ಅಂದರೆ ನಾಮವಾದಿ ಬಯಸಿದ ಊಟವೇ, ತಟ್ಟೆಗಳ ಸಂಖ್ಯೆ ಮಾತ್ರ ಅನಂತ. ಕರಿಮಣ್ಣಿನವರು ಒಂದೇ ಲೋಕದ ಬಿಡಿ ವಸ್ತುಗಳಿಂದ ಸಂಸಾರ ಸಾಗಿಸಲು ನೋಡುತ್ತಾರೆ, ಸಾಲದು. ಲೂಯಿಸರು ಲೋಕಗಳ ಸಾಲ ತಂದು ಸಾಗಿಸುತ್ತಾರೆ. ಇಬ್ಬರೂ ಒಂದೇ ಮನೆತನದವರು.

ಇನ್ನೊಂದು ವಾಸ್ತವವಾದವಿದೆ. ಅದರ ಕಥೆ ನನಗೆ ಬಹಳ ಇಷ್ಟ, ಒಬ್ಬ ಮನುಷ್ಯ ತನ್ನ ಮಾತನ್ನು ತಾನೇ ವಾಪಸ್ ತೆಗೆದುಕೊಂಡ ಕಥೆ ಅದು. ಅಮೆರಿಕದ ತತ್ವಶಾಸ್ತ್ರಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ 1878ರಲ್ಲಿ ಒಂದು ಲೇಖನ ಬರೆದರು. ಮೆತ್ತನೆಯ ಅರಳೆಯ ದಿಂಬಿನೊಳಗೆ ಒಂದು ವಜ್ರ ಹರಳುಗಟ್ಟಿತು ಎಂದುಕೊಳ್ಳಿ. (ಹುಬ್ಬಳ್ಳಿಯವರಿಗೆ ಅರಳೆಯನ್ನು ವಿವರಿಸಬೇಕಾಗಿಲ್ಲ.) ಅದು ಅಲ್ಲಿಯೇ ಇದ್ದು, ಯಾರೂ ಮುಟ್ಟದೆ, ಕೊನೆಗೆ ಸುಟ್ಟುಹೋಯಿತು. ಯಾರೂ ಅದನ್ನು ಗೀರಲಿಲ್ಲ. ಅದು ಗಡಸಾಗಿತ್ತೇ? 1878ರ ಪರ್ಸ್ ಹೇಳಿದರು: ಗಡಸಾಗಿತ್ತು ಎನ್ನಿ, ಮೆದುವಾಗಿತ್ತು ಎನ್ನಿ, ಅದು ಮಾತನ್ನು ಹೇಗೆ ಜೋಡಿಸಿಕೊಳ್ಳುತ್ತೀರಿ ಎಂಬುದಷ್ಟೇ. ಅದು ಕರಿಮಣ್ಣಿನವರ ಮಾತು. 1905ರಲ್ಲಿ ಅದೇ ವಜ್ರಕ್ಕೆ ಮರಳಿ ಬಂದು, ಆಗ ಹೇಳಿದ್ದು ತಪ್ಪು ಎಂದರು. ಗೀರಿದ್ದರೆ ಅದು ಗೀರಿಗೆ ಬಗ್ಗುತ್ತಿರಲಿಲ್ಲ ಎಂಬುದು, ಯಾರೂ ಗೀರದಿದ್ದರೂ, ನಿಜ. ‘ಹೀಗೆ ಮಾಡಿದ್ದರೆ ಹೀಗಾಗುತ್ತಿತ್ತು’ ಎಂಬುದು ನಮ್ಮ ತಲೆಯಲ್ಲಿಲ್ಲ, ಜಗತ್ತಿನಲ್ಲಿದೆ. ನಡುವೆ 1903ರಲ್ಲಿ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಡುವಾಗ ಕೈಯಲ್ಲಿ ಕಲ್ಲು ಹಿಡಿದು, ಕೈ ಬಿಟ್ಟರೆ ಇದು ಬೀಳುತ್ತದೆ ಎಂದು ನಿಮಗೆಲ್ಲ ಗೊತ್ತು, ಇನ್ನೂ ಬೀಳದ ಕಲ್ಲಿನ ಬಗ್ಗೆ ಗೊತ್ತಿರುವುದು ಹೇಗೆ ಎಂದು ಕೇಳಿದ್ದರು. ಬಿದ್ದ ಕಲ್ಲುಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅದರಿಂದ ಮುಂದಿನ ಕಲ್ಲಿಗೆ ದಾಟಿಸುವ ಒಂದು ಸಾಮಾನ್ಯ ನಿಯಮ ನಿಜವಾಗಿ ಕೆಲಸ ಮಾಡುತ್ತಿರಬೇಕು ಎಂಬುದು ಅವರ ವಾದ.

ಗುಡ್‌ಮನ್ ಉತ್ತರದ ತೊಂದರೆಯೂ ಇಲ್ಲಿಯೇ. ಬಿಗಿ ಸಿಪ್ಪೆ ಎಂಬುದು ಈಗಿರುವ ಸಂಗತಿ, ಒಪ್ಪಿದೆ. ಆದರೆ ರಾಣೆಬೆನ್ನೂರಿನ ಅಕ್ಕ ಬೀಜದ ಬಣ್ಣ, ತೂಕ, ಅದರ ಮೇಲಿನ ಗೆರೆಗಳು ಎಲ್ಲವನ್ನೂ ಬಿಟ್ಟು ಸಿಪ್ಪೆಯ ಬಿಗಿಯನ್ನೇ ಆರಿಸಿಕೊಂಡು ಕಾಲಂ ಹಾಕಿದ್ದು ಯಾಕೆ? ತಿಕ್ಕಿದರೆ ಮೊಳೆಯುತ್ತದೆ ಎಂಬ ಕಾರಣಕ್ಕೆ. ಅಡ್ಡಹೆಸರು ಎಂದಿರಲ್ಲ, ಆ ಹೆಸರನ್ನು ಯಾವುದಕ್ಕೆ ಇಡಬೇಕು ಎಂದು ಹೇಳಿಕೊಡುತ್ತಿರುವುದೇ ಸಾಧ್ಯತೆ.

‘ನೀರು ಬಿಡದ’ ಎಂಬ ನಿಮ್ಮದೇ ಮಾತನ್ನು ಮತ್ತೊಮ್ಮೆ ಓದಿ. ನೀರು ಹಾಕದೆ ಒಣ ಡಬ್ಬಿಯಲ್ಲಿಟ್ಟ ಬೀಜದ ಸಿಪ್ಪೆಯೂ ನೀರು ಬಿಡದ್ದೇ ತಾನೆ?

ಉಣಕಲ್ ದಂಡೆ

ಲೂಯಿಸರನ್ನು ನಾಮವಾದಿಗಳ ಪಂಕ್ತಿಯಲ್ಲಿ ಕೂರಿಸಿದ್ದು ಚೆನ್ನಾಗಿದೆ. ಅವರು ಎದ್ದು ಹೋಗುತ್ತಿರಲಿಲ್ಲ ಎನ್ನಿಸುತ್ತದೆ.

ಆದರೆ ಸಪ್ತಾಪುರದ ಅಕ್ಕಾವರೇ, ‘ಜಗತ್ತಿನಲ್ಲಿದೆ’ ಎಂದು ಹೇಳಿ ನಿಲ್ಲಿಸಿದಿರಿ. ಜಗತ್ತಿನಲ್ಲಿ ಎಲ್ಲಿ? ಲೂಯಿಸ್ ಕನಿಷ್ಠ ವಿಳಾಸ ಕೊಡುತ್ತಾರೆ, ಟಪಾಲು ಮುಟ್ಟದಿದ್ದರೂ. ಪರ್ಸ್ ಅವರ ‘ಆಗುತ್ತಿತ್ತು’ ಬೀಜದ ಒಳಗಿದೆಯೇ, ನಿಯಮದಲ್ಲಿದೆಯೇ, ಎರಡರ ನಡುವೆ ತೂಗಾಡುತ್ತಿದೆಯೇ? ಸಾಧ್ಯಲೋಕವನ್ನು ಕಥೆಯ ಹಾಗೆ ಬಳಸಿಕೊಂಡರೆ ಸಾಕು, ನಂಬಬೇಕಿಲ್ಲ ಎಂದು 1990ರಲ್ಲಿ ಗಿಡಿಯನ್ ರೋಸೆನ್ ತೋರಿಸಿದ ದಾರಿಯೂ ಒಂದಿದೆ. ಅದು ನನಗೆ ಬಿಲ್ ಕೊಡದೆ ಊಟ ಮಾಡಿದ ಹಾಗೆ ಕಾಣುತ್ತದೆ, ಬಿಡಿ.

ನಿವೃತ್ತ ಮಾಸ್ತರ (ಸಾಧನಕೇರಿ)

‘ಎಲ್ಲಿ’ ಎಂಬ ಪ್ರಶ್ನೆಗೆ ನಮ್ಮವರು ಕಾದಾಡಿದ್ದಾರೆ. ಬೆಂಕಿಯ ಪಕ್ಕದಲ್ಲಿ ಒಂದು ಚಂದ್ರಕಾಂತ ಮಣಿ ಇಟ್ಟರೆ ಬೆಂಕಿ ಸುಡುವುದಿಲ್ಲ ಎಂದು ಅವರ ಕಾಲದ ನಂಬಿಕೆ. ನಂಬಿಕೆ ಸುಳ್ಳಿರಲಿ, ವಾದ ನೋಡಿ. ಮೀಮಾಂಸಕರು, ವೇದವಾಕ್ಯದ ಅರ್ಥ ವಿಚಾರಿಸುವ ಪಂಥದವರು, ಹೇಳಿದರು: ಬೆಂಕಿ ಕಣ್ಣೆದುರೇ ಇದೆ, ಅದರ ರೂಪ ಬದಲಾಗಿಲ್ಲ, ಆದರೂ ಸುಡುತ್ತಿಲ್ಲ. ಹಾಗಾದರೆ ಹೋಗಿದ್ದೇನು? ‘ಶಕ್ತಿ’ ಹೋಗಿದೆ. ಆದ್ದರಿಂದ ಶಕ್ತಿ ಬೆಂಕಿಗಿಂತ ಬೇರೆಯಾದ ಒಂದು ಪದಾರ್ಥ. ನೈಯಾಯಿಕರು ಹೇಳಿದರು: ಅಷ್ಟೊಂದು ಖರ್ಚು ಬೇಡ. ಸುಡುವುದಕ್ಕೆ ಬೇಕಾದ ಸಾಮಗ್ರಿಯಲ್ಲಿ ಬೆಂಕಿಯೂ ಇದೆ, ಪ್ರತಿಬಂಧಕದ ಅಭಾವವೂ (ತಡೆಯುವಂಥದ್ದು ಇಲ್ಲದಿರುವುದೂ) ಇದೆ. ಮಣಿ ಬಂದಾಗ ಆ ಅಭಾವ ಹೋಯಿತು. ಶಕ್ತಿ ಎಂಬ ಬೇರೆ ವಸ್ತು ಇಲ್ಲ.

ಇಲ್ಲಿ ನನಗೆ ರುಚಿ ಹತ್ತಿಸುವ ಸಂಗತಿ ಒಂದಿದೆ. ನೈಯಾಯಿಕರು ಸಾಮಾನ್ಯಗಳ ವಿಷಯದಲ್ಲಿ ಕಟ್ಟಾ ವಾಸ್ತವವಾದಿಗಳು. ಗೋತ್ವ ನಿತ್ಯ, ಒಂದೇ, ಎಲ್ಲ ಹಸುಗಳಲ್ಲಿಯೂ ಇದೆ ಎನ್ನುವವರು. ಆದರೂ ಶಕ್ತಿಯನ್ನು ಒಪ್ಪಲಿಲ್ಲ. ಸಪ್ತಾಪುರದ ತಂಗಿ ಹೇಳಿದ ಎರಡು ಎತ್ತುಗಳಿಗೆ ಮೂರನೆಯದನ್ನೂ ಸೇರಿಸಿಕೊಳ್ಳಬಹುದು. ಶಕ್ತಿಯನ್ನು ಹೊರಗೆ ಹಾಕುವುದಕ್ಕೆ ಅವರು ಕೊಟ್ಟ ಬೆಲೆಯೂ ಸಣ್ಣದಲ್ಲ: ‘ಇಲ್ಲದಿರುವಿಕೆ’ಯನ್ನೇ ಪದಾರ್ಥವೆಂದು ಒಪ್ಪಿ ಮನೆಯೊಳಗೆ ಕರೆದುಕೊಂಡರು. ದಂಡೆಯವರ ಲೂಯಿಸ್ ಲೋಕಗಳನ್ನು ಕರೆದುಕೊಂಡ ಹಾಗೆ. ಪುಕ್ಕಟೆಯಾಗಿ ಯಾರೂ ದಾಟಿಲ್ಲ. ಕರಿಮಣ್ಣಿನ ತಮ್ಮಾ, ನೀವು ಬೌದ್ಧರ ಪಕ್ಷ ಬಿಟ್ಟು ಇಲ್ಲಿಗೆ ಬಂದು ಕೂರಬಹುದು, ಅಂಗಡಿಯವರ ಶಕ್ತಿಯನ್ನು ನಿರಾಕರಿಸಿದ ಹಾಗೂ ಆಗುತ್ತದೆ, ಅಕ್ಕನ ಕಾಲಂಗಳಿಗೆ ಜಾಗ ಕೊಟ್ಟ ಹಾಗೂ ಆಗುತ್ತದೆ.

ಹಗೇವಿನ ತೊಡಕು ಹೇಳುತ್ತೇನೆ ಎಂದಿದ್ದೆ. ನಾನು ಹುಟ್ಟಿದ್ದು ರೋಣ ತಾಲ್ಲೂಕಿನ ಎರೆಹೊಲದ ಊರಿನಲ್ಲಿ. ಮನೆಯ ಮುಂದೆಯೇ ಹಗೇವು, ಆಳುದ್ದಕ್ಕಿಂತ ಆಳ. ಬಾಯಿ ತೆರೆದ ದಿನ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಬಿಟ್ಟು, ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಒಳಗಿನ ಜೋಳಕ್ಕೆ ಒಂದು ಬಗೆಯ ಕಮಟು ವಾಸನೆ. ಅಜ್ಜಿ ಬಿತ್ತನೆ ಜೋಳವನ್ನು ಎಂದೂ ಹಗೇವಿಗೆ ಹಾಕಿದವಳಲ್ಲ. ಅದು ಬೂದಿ, ಬೇವಿನ ಎಲೆ ಬೆರೆಸಿ ಅಡುಗೆಮನೆಯ ಮೂಲೆಯ ಗಡಿಗೆಯಲ್ಲಿ ಇರುತ್ತಿತ್ತು. ಎರಡೂ ಒಂದೇ ರಾಶಿಯ ಜೋಳ, ಅಂಗೈಯಲ್ಲಿ ಹಾಕಿದರೆ ವ್ಯತ್ಯಾಸ ಕಾಣದು. ಒಂದಕ್ಕೆ ಅವಳು ‘ಕಾಳು’ ಎನ್ನುತ್ತಿದ್ದಳು, ಇನ್ನೊಂದಕ್ಕೆ ‘ಬೀಜ’. ತಪ್ಪಿ ಬೀಜದ ಗಡಿಗೆಯಿಂದ ಒಂದು ಬೊಗಸೆ ಬೀಸಲು ತೆಗೆದ ಸೊಸೆಗೆ ಬಿದ್ದ ಬೈಗುಳ ಓಣಿಗೆಲ್ಲ ಕೇಳಿತ್ತು.

ಗದಗಿನ ಗಾಳಿ

ಬಸವಣ್ಣನವರ ವಚನದಲ್ಲಿ ನನೆಯೊಳಗಿನ ಪರಿಮಳ, ಸಸಿಯೊಳಗಿನ ರಸದ ರುಚಿ ಎಂದು ಬರುತ್ತದೆಯಲ್ಲ. ಇನ್ನೂ ಅರಳದ ಮೊಗ್ಗಿನಲ್ಲಿ ಪರಿಮಳ ಇದೆ ಎಂದೇ ಅಲ್ಲವೇ ಅದರ ಅರ್ಥ?

ಸಪ್ತಾಪುರದ ಸಂದೇಹಿ

ಅದು ದೇವರ ನಿಲುವಿಗೆ ಕೊಟ್ಟ ಉಪಮೆ. ವಚನ ಇಷ್ಟವಾದದ್ದು ಎಂದು ಸಾಕ್ಷಿಕಟ್ಟೆಗೆ ಎಳೆಯಬೇಡಿ. ಎಳ್ಳಿನಲ್ಲಿ ಎಣ್ಣೆ ಮೊದಲೇ ಇದೆ ಎಂಬ ಸಾಂಖ್ಯರ ಸತ್ಕಾರ್ಯವಾದಕ್ಕೆ ಅದು ಹತ್ತಿರ ಬರುತ್ತದೆ, ಅದೂ ಪರ್ಸ್ ಪಕ್ಷಕ್ಕಿಂತ ಬೇರೆಯೇ: ಸಾಂಖ್ಯರಿಗೆ ಮೊಳಕೆ ಬೀಜದಲ್ಲಿ ಅಡಗಿ ಕುಳಿತಿದೆ, ಪರ್ಸ್‌ಗೆ ಅಡಗಿ ಕುಳಿತ ವಸ್ತು ಯಾವುದೂ ಇಲ್ಲ, ಇರುವುದು ಒಂದು ರೂಢಿ, ಒಂದು ಒಗ್ಗು. 1910ರಲ್ಲಿ ಅವರು ದಾಳದ ಬಗ್ಗೆ ಬರೆದದ್ದು ಇದನ್ನೇ. ದಾಳಕ್ಕೆ ಒಂದು ‘ಆಗುತ್ತಿತ್ತು’ ಇದೆ, ಮನುಷ್ಯನಿಗೆ ಅಭ್ಯಾಸ ಇರುವ ಹಾಗೆ. ಅಭ್ಯಾಸ ಎಲ್ಲಿದೆ ಎಂದು ದಂಡೆಯವರು ಕೇಳಿದರೆ ನಾನು ಕೈ ತೋರಿಸಲಾರೆ. ನಿಮ್ಮ ಬೈಕ್ ಓಡಿಸುವ ಅಭ್ಯಾಸ ನೀವು ಮಲಗಿದಾಗ ಎಲ್ಲಿರುತ್ತದೆ?

ನಿವೃತ್ತ ಮಾಸ್ತರ (ಸಾಧನಕೇರಿ)

ಇನ್ನೊಂದು ವಿಷಯ ಹೊಳೆಯಿತು, ಇದು ನನ್ನ ಸ್ವಂತ ಹೊಲ. ಶಾಲೆಯ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ಮೂರನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಬಂದಾನು, ಬಂದೀತು, ಮೊಳೆತೀತು: ಇವು ಸಂಭಾವನಾರ್ಥ. ನಮ್ಮ ಭಾಷೆ ಸಾಧ್ಯತೆಗೆ ಒಂದು ಶಬ್ದ ಕೊಟ್ಟು ಸುಮ್ಮನಾಗಿಲ್ಲ, ಕ್ರಿಯಾಪದದ ಬಾಲವನ್ನೇ ಬೇರೆ ಮಾಡಿದೆ.

ಈಗ ನಾಲ್ಕು ವಾಕ್ಯಗಳನ್ನು ನಾಲಿಗೆಯ ಮೇಲೆ ಇಟ್ಟು ನೋಡಿ. ‘ಬೀಜ ಮೊಳೆಯಬಹುದು.’ ‘ಬೀಜ ಮೊಳೆತೀತು.’ ‘ಬೀಜ ಮೊಳೆಯಬಲ್ಲದು.’ ‘ಬೀಜ ಮೊಳೆಯುತ್ತಿತ್ತು.’ ಸತ್ತಿದೆ ಎಂದು ಗೊತ್ತಿಲ್ಲದ ಒಂದು ಸತ್ತ ಬೀಜವನ್ನು ಕೈಯಲ್ಲಿ ಹಿಡಿದು ‘ಮೊಳೆಯಬಹುದು’ ಎಂದರೆ ನೀವು ಸುಳ್ಳು ಹೇಳಿದಂತಾಗಲಿಲ್ಲ. ನಿಮಗೆ ಗೊತ್ತಿರುವಷ್ಟನ್ನು ಹೇಳಿದಿರಿ. ಅದೇ ಬೀಜಕ್ಕೆ ‘ಮೊಳೆಯಬಲ್ಲದು’ ಎಂದರೆ ತಪ್ಪು ಹೇಳಿದಿರಿ, ಗೊತ್ತಿಲ್ಲದೆ ಹೇಳಿದರೂ ತಪ್ಪೇ. ಮೊದಲನೆಯದು ನಮ್ಮ ಬಗ್ಗೆ, ಮೂರನೆಯದು ಬೀಜದ ಬಗ್ಗೆ. ‘ಮೊಳೆತೀತು’ ಎನ್ನುವಾಗ ಅರ್ಧ ಆಸೆಯೋ ಅರ್ಧ ಅಂಜಿಕೆಯೋ ಸೇರಿರುತ್ತದೆ. ಅಟ್ಟ ಹತ್ತಿದ ಮಗುವಿಗೆ ತಾಯಿ ‘ಜೋಕೆ, ಬಿದ್ದೀಯೆ’ ಎನ್ನುತ್ತಾಳೆಯೇ ಹೊರತು ‘ನೀನು ಬೀಳಬಲ್ಲೆ’ ಎನ್ನುವುದಿಲ್ಲ. 60 ಎಂದು ಅಚ್ಚು ಮಾಡಿದವರು ಯಾವ ಕ್ರಿಯಾಪದವನ್ನು ಅಚ್ಚು ಮಾಡಿದ್ದಾರೆ ಎಂಬುದು ನನ್ನ ಪ್ರಶ್ನೆ.

ಕರಿಮಣ್ಣು (ಕುಂದಗೋಳ)

ಮಾಸ್ತರರೇ, ವ್ಯಾಕರಣದಿಂದ ಜಗತ್ತು ಹೊರಡುವುದಿಲ್ಲ. ಭಾಷೆಯಲ್ಲಿ ಮೊಲದ ಕೊಂಬು ಕೂಡ ಇದೆ. ಆದರೆ ‘ಬಹುದು’ ನಮ್ಮ ಬಗ್ಗೆ, ‘ಬಲ್ಲದು’ ಬೀಜದ ಬಗ್ಗೆ ಎಂಬ ಮಾತು ನನ್ನನ್ನು ನಿನ್ನೆ ರಾತ್ರಿ ಮಲಗಲು ಬಿಡಲಿಲ್ಲ. ನಾನು ಇದುವರೆಗೆ ಎಲ್ಲವನ್ನೂ ‘ಬಹುದು’ ಎಂದುಕೊಂಡು ವಾದ ಮಾಡಿದ್ದೆ. ಅಂಗಡಿಯವರ ಮಾತೂ ಈಗ ಬೇರೆಯಾಗಿ ಕೇಳಿಸುತ್ತದೆ. ‘ಶಕ್ತಿ ಇತ್ತು’ ಎಂದದ್ದು ಅರ್ಥವಿಲ್ಲದ ಮಾತು ಎಂದು ನಾನು ಹಿಡಿದು ಕೂತರೆ, ಅದು ಸುಳ್ಳು ಎಂದು ಅವರ ಮೇಲೆ ದೂರು ಹೇಳಲೂ ನನಗೆ ದಾರಿಯಿಲ್ಲ. ಸುಳ್ಳಾಗಬೇಕಾದರೆ ಅದು ಮೊದಲು ಏನನ್ನಾದರೂ ಹೇಳಿರಬೇಕು. ನನ್ನ ನಾಮವಾದ ಅಂಗಡಿಯವರನ್ನೇ ಬಚಾವು ಮಾಡುತ್ತಿದೆ.

ಪೂರ್ತಿ ಒಪ್ಪಿಲ್ಲ. ನಾಲ್ಕು ನೂರು ಬೀಜಗಳಲ್ಲಿ ಒಂದೊಂದೂ ಒಂದೋ ಸತ್ತಿದೆ, ಇಲ್ಲ ಬದುಕಿದೆ. ‘ನೂರಕ್ಕೆ 60ರಷ್ಟು ಮೊಳೆಯಬಲ್ಲ’ ಬೀಜ ಎಂಬುದು ಒಂದೂ ಇಲ್ಲ. ಆಗ 60 ಯಾರ ಗುಣ? ಲಾಟ್ ಎಂಬುದು ಗೋಣಿಚೀಲಕ್ಕೆ ಕೊಟ್ಟ ಹೆಸರಲ್ಲವೇ?

ಮೊಳಕೆ ಕಾಗದ (ರಾಣೆಬೆನ್ನೂರು)

ಇದು ನಮಗೂ ಕಾಡುವ ವಿಷಯ, ನಾವು ಅದನ್ನು ತತ್ವಶಾಸ್ತ್ರ ಎಂದು ಕರೆಯುವುದಿಲ್ಲ ಅಷ್ಟೆ. ಮೊಳೆಯಿಸಿ ನೋಡಿದ ಬೀಜವನ್ನು ಮತ್ತೆ ಮಾರಲಾಗುವುದಿಲ್ಲ. ಮಾರುವ ಬೀಜವನ್ನು ಮೊಳೆಯಿಸಿ ನೋಡಲಾಗುವುದಿಲ್ಲ. ನಿಮ್ಮ ಪೊಟ್ಟಣದಲ್ಲಿದ್ದ ಒಂದು ಬೀಜವನ್ನೂ ಯಾರೂ ಪರೀಕ್ಷಿಸಿಲ್ಲ. ಮುಗಿದುಹೋದ ನಾಲ್ಕು ನೂರರ ಮೇಲಿಂದ ಇನ್ನೂ ಶುರುವಾಗದ ಲಕ್ಷಗಟ್ಟಲೆ ಬೀಜಗಳಿಗೆ ಒಂದು ಸಂಖ್ಯೆ ಹಚ್ಚುತ್ತೇವೆ. ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳಿಗೆ ಆ ಸಂಖ್ಯೆಯ ವಾಯಿದೆ ಮುಗಿಯುತ್ತದೆ, ಮತ್ತೆ ಪರೀಕ್ಷೆಯಾಗಬೇಕು. ಬರೀ ಹೆಸರಾಗಿದ್ದರೆ ಹಳಸುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಟೆಟ್ರಜೋಲಿಯಂ ಎಂದು. ಬೀಜವನ್ನು ನೆನೆಸಿ, ಭ್ರೂಣ ಕಾಣುವಂತೆ ಬ್ಲೇಡಿನಿಂದ ಸೀಳಿ, ಬಣ್ಣವಿಲ್ಲದ ದ್ರಾವಣದಲ್ಲಿ ಇಡುತ್ತೇವೆ. ಉಸಿರಾಡುವ ಜೀವಕೋಶ ಇದ್ದಲ್ಲಿ ಅದು ಕೆಂಪಾಗುತ್ತದೆ, ಸತ್ತ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಮೊದಲ ಸಲ ನೋಡಿದಾಗ ನಾನು ಮೂಕಳಾಗಿದ್ದೆ. ಅರ್ಧ ಸೀಳಿದ ಆ ಬೀಜ ಇನ್ನು ಮೊಳೆಯುವುದಿಲ್ಲ, ನಾನೇ ಸೀಳಿದ್ದೇನೆ. ಆದರೂ ಕುಂಕುಮದ ಹಾಗೆ ಕೆಂಪಾದ ಅದನ್ನು ತೋರಿಸಿ ‘ಇದು ಮೊಳೆಯುತ್ತಿತ್ತು’ ಎಂದು ಬರೆಯುತ್ತೇವೆ.

ಉಣಕಲ್ ದಂಡೆ

ವಿಳಾಸ ಕೇಳಿದ್ದೆ. ಇದು ವಿಳಾಸ ಅಲ್ಲದಿರಬಹುದು, ಆದರೆ ಓಣಿಯ ಹೆಸರಾದರೂ ಸಿಕ್ಕಿತು. ಆದರೂ ‘ಎಲ್ಲ ಸರಿಯಿದ್ದಿದ್ದರೆ’ ಎಂಬುದರಲ್ಲಿ ಬರುವ ‘ಎಲ್ಲ’ ಎಷ್ಟು ಎಂದು ಹೇಳಲು ನನ್ನ ಲೋಕಗಳೇ ಬೇಕಾಗುತ್ತವೆ ಎಂದು ಇನ್ನೂ ಹೇಳುತ್ತೇನೆ. ಸೀಳದೇ ಇದ್ದಿದ್ದರೆ, ನೀರು ಸಿಕ್ಕಿದ್ದರೆ, ಇರುವೆ ಒಯ್ಯದಿದ್ದರೆ, ಆಕಾಶದಿಂದ ಕಲ್ಲು ಬೀಳದಿದ್ದರೆ. ಈ ಪಟ್ಟಿಯನ್ನು ಕೊನೆ ಮುಟ್ಟಿಸಿ ತೋರಿಸಿ.

ನಿವೃತ್ತ ಮಾಸ್ತರ (ಸಾಧನಕೇರಿ)

ಅದಕ್ಕೇ ನೈಯಾಯಿಕರು ‘ಪ್ರತಿಬಂಧಕಾಭಾವ’ ಎಂದು ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದು. ಕಟ್ಟಿದ ಮೂಟೆಯಲ್ಲಿ ಏನೇನಿದೆ ಎಂದು ನೀವು ಕೇಳಿದ್ದು ನ್ಯಾಯವೇ. ಕುಳಿತು ಮಾತಾಡಬೇಕು, ಚಹಾ ನನ್ನದು.

ಕರಿಮಣ್ಣು (ಕುಂದಗೋಳ)

ಎರಡು ವಾರದ ಮೇಲೆ ಬರುತ್ತಿದ್ದೇನೆ. ತೆರೆಯದೆ ಉಳಿದಿದ್ದ ಒಂದು ಪೊಟ್ಟಣದಿಂದ 50 ಬೀಜ ಎಣಿಸಿ, ಅಮ್ಮನ ಹಳೆಯ ಸೀರೆಯ ತುಂಡನ್ನು ಒದ್ದೆ ಮಾಡಿ, ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಒಂಬತ್ತನೆಯ ದಿನ ಮೊದಲ ಬೇರು ಕಂಡಿತು, ಬಿಳಿ ದಾರದ ತುದಿಯ ಹಾಗೆ. 14ನೆಯ ದಿನಕ್ಕೆ 19. ಉಳಿದ 31ರಲ್ಲಿ ಬಹಳಷ್ಟು ಬೂಸು ಹಿಡಿದಿದ್ದವು, ಬೆರಳಿನಿಂದ ಒತ್ತಿದರೆ ಸೋರಿದವು. ಅಕ್ಕಾವರು ಹೇಳಿದ ಹಾಗೆಯೇ. ಅವು ಸತ್ತವು, ಅದರಲ್ಲಿ ನನಗೆ ಸಂಶಯವಿಲ್ಲ. ಏಳು ಮಾತ್ರ ಗಟ್ಟಿಯಾಗಿದ್ದವು. ಎಸೆಯಲು ಮನಸ್ಸು ಬರದೆ ಮತ್ತೆ ಸುತ್ತಿಟ್ಟೆ. ಅಪ್ಪ ನೋಡಿ, ‘ಬ್ಯಾಂಕಿನಲ್ಲಿ ಕೆಲಸ ಕಡಿಮೆಯಾಗಿದೆ ಏನು?’ ಎಂದರು.

17ನೆಯ ದಿನ ಆ ಏಳರಲ್ಲಿ ಒಂದು ಮೊಳೆಯಿತು.

ಅಂಗಡಿಗೆ ಡಬ್ಬಿಯನ್ನೇ ಒಯ್ದು ತೋರಿಸಬೇಕೆಂದಿದ್ದೇನೆ. ಈ ಒಂದನ್ನು ಯಾವ ಕಾಲಂಗೆ ಬರೆಯಲಿ?

ಮೊಳಕೆ ಕಾಗದ (ರಾಣೆಬೆನ್ನೂರು)

ನಮ್ಮಲ್ಲಾದರೆ 14ನೆಯ ದಿನವೇ ಅದು ‘ಮೊಳೆಯದ ತಾಜಾ ಬೀಜ’ ಎಂದು ಬರೆಯಿಸಿಕೊಂಡು ಹೋಗಿರುತ್ತಿತ್ತು. 50 ಬೀಜದ ಮನೆ ಪರೀಕ್ಷೆಯನ್ನು ಯಾರೂ ಒಪ್ಪುವುದಿಲ್ಲ ಅಣ್ಣಾವರೇ. ಡಬ್ಬಿ ಒಯ್ಯಬೇಡಿ. ಬಿಲ್ ಇಟ್ಟುಕೊಳ್ಳಿ, ಪೊಟ್ಟಣದ ಚೀಟಿ ಹರಿಯದಂತೆ ತೆಗೆದಿಡಿ, ಲಾಟ್ ಸಂಖ್ಯೆಯೂ ಪರೀಕ್ಷೆಯ ದಿನಾಂಕವೂ ಓದಲು ಬರಬೇಕು. ತೆರೆಯದ ಪೊಟ್ಟಣ ಇನ್ನೊಂದು ಉಳಿದಿದ್ದರೆ ಅದನ್ನು ಮುಟ್ಟಬೇಡಿ.